ಪಾರ್ಶ್ವವಾಯುವಿನ ಬಳಿಕ ಮಾತುಕತೆಯನ್ನೇ ಚಿಕಿತ್ಸೆಯ ಗುರಿಯಾಗಿಸುವುದು ಹೇಗೆ?

ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಚಟುವಟಿಕೆಗಳನ್ನು ಮತ್ತೆ ಮಾಡಲು ನೆರವಾಗುವ ಚಿಕಿತ್ಸೆ, ಮುಂಬಯಿಗೆ ಹೊಸತಲ್ಲ. ದೇಶದ ಮೊದಲ ತರಬೇತಿ ಶಾಲೆಯನ್ನು ಕಮಲಾ ನಿಂಬ್ಕರ್ ಅವರು 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆರಂಭಿಸಿದರು. ಆದರೂ ಇಲ್ಲಿನ ನಮ್ಮ ಅನೇಕ ಮನೆಗಳಲ್ಲಿ ಅದೆಂದರೆ ಚೆಂಡು ಹಿಸುಕುವುದು, ಅಂಗಿಯ ಗುಂಡಿ ಹಾಕುವುದು, ಇಷ್ಟೇ ಎಂಬ ಭಾವನೆಯಿದೆ. ಸ್ನಾನ, ಊಟ, ದುಡಿಮೆಗಳಂತೆ ಜನರೊಡನೆ ಬೆರೆಯುವುದನ್ನೂ ಈ ಶಾಸ್ತ್ರವು ಬದುಕಿಗೆ ಅರ್ಥ ಕೊಡುವ ಸ್ವತಂತ್ರ ಚಟುವಟಿಕೆಯೆಂದೇ ಪರಿಗಣಿಸುತ್ತದೆ.

'ಎಲ್ಲರೊಡನೆ ಬೆರೆಯಲಿ' ಎಂಬುದು ಆಶಯವೇ ಹೊರತು ಗುರಿಯಲ್ಲ. ಯಾರೊಡನೆ, ಎಲ್ಲಿ, ಯಾವ ಹೊತ್ತಿನ ಮಾತು ನಿಂತುಹೋಗಿದೆ ಎಂಬುದನ್ನು ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರಿಂದಲೇ ತಿಳಿಯಬೇಕು. ಮಕ್ಕಳ ಊಹೆ ಇಲ್ಲಿ ಹಲವು ಸಲ ತಪ್ಪುತ್ತದೆ. ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ದಶಕಗಳ ಕಾಲ ಕುಳಿತಿದ್ದವರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವರು ಕಳೆದುಕೊಂಡದ್ದು ಬಲಗೈಯ ಶಕ್ತಿಯನ್ನು ಮಾತ್ರವಲ್ಲ, ಬೆಳಗಿನ ಗಿರಾಕಿಗಳೊಡನೆ ನಡೆಯುತ್ತಿದ್ದ ಮಾತನ್ನು ಕೂಡ.

ಗುರಿ ಗೊತ್ತಾದ ಮೇಲೆ ಅದನ್ನು ಬಿಡಿಸಿ ನೋಡಬೇಕು. ಗಿರಾಕಿಯ ಮುಖ ನೋಡಿ ಗುರುತು ಹಿಡಿಯುವುದು, ಮರಾಠಿಯಲ್ಲೋ ತುಳುವಿನಲ್ಲೋ ಕನ್ನಡದಲ್ಲೋ ಉತ್ತರಿಸುವುದು, ಅದೇ ಹೊತ್ತಿಗೆ ಚಿಲ್ಲರೆ ಎಣಿಸುವುದು, ಪಾತ್ರೆಗಳ ಸದ್ದಿನ ನಡುವೆಯೂ ಗಮನ ತಪ್ಪದಿರುವುದು: ಇವೆಲ್ಲ ಬೇರೆ ಬೇರೆ ಸಾಮರ್ಥ್ಯಗಳು. ಯಾವುದು ಎಡವುತ್ತಿದೆ ಎಂದು ಥೆರಪಿಸ್ಟ್ ಪರೀಕ್ಷಿಸಿ ಹೇಳುತ್ತಾರೆ; ಪದಗಳೇ ಸಿಗದಿದ್ದರೆ ವಾಕ್ ಚಿಕಿತ್ಸಕರೂ ಜೊತೆಗಿರಬೇಕು.

ಅಭ್ಯಾಸವು ಸುಲಭದಿಂದ ಕಠಿಣಕ್ಕೆ ಸಾಗಲಿ. ಮೊದಲು ಮನೆಯಲ್ಲಿ, ಟಿವಿ ಆರಿಸಿ, ಒಬ್ಬ ಹಳೆಯ ಸ್ನೇಹಿತರು ಎದುರಿಗೆ ಕುಳಿತು ಸ್ವಲ್ಪ ಹೊತ್ತು ಮಾತನಾಡಲಿ. ಅದು ಸಲೀಸಾದಾಗ ಬಿಲ್ಡಿಂಗಿನ ಕೆಳಗೆ ಇಬ್ಬರೊಡನೆ, ಆಮೇಲೆ ಹೂವಿನ ಅಂಗಡಿಯಲ್ಲಿ ಒಂದು ಮೊಳ ಮಲ್ಲಿಗೆ ಕೇಳಿ ಹಣ ಕೊಡುವಷ್ಟು, ಕೊನೆಗೆ ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನ. ದಣಿವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಚಹಾ ಕುಡಿಯುವಾಗ ಕೆಮ್ಮು ಬರುವವರಿದ್ದರೆ ನುಂಗುವಿಕೆಯ ಪರೀಕ್ಷೆ ಆಗುವವರೆಗೆ ಚಹಾದ ನೆಪದ ಭೇಟಿ ಬೇಡ.

ಮನೆಯವರಿಗೆ ಅತ್ಯಂತ ಕಷ್ಟದ ಕೆಲಸವೆಂದರೆ ಸುಮ್ಮನಿರುವುದು. 'ಅಪ್ಪ ಹೇಳುತ್ತಿರುವುದು ಇದು' ಎಂದು ಮಗ ನಡುವೆ ಬಾಯಿ ಹಾಕಿದ ಕ್ಷಣವೇ ಭೇಟಿ ಮಗನದಾಗುತ್ತದೆ. ಕಾಯಬೇಕು, ತೀರಾ ತಡವಾದರೆ 'ಇಡ್ಲಿಯೋ, ದೋಸೆಯೋ?' ಎಂಬಂತೆ ಎರಡು ಆಯ್ಕೆ ಕೊಡಬೇಕು. ಕೈಸನ್ನೆಯನ್ನೂ ಬರಹವನ್ನೂ ಉತ್ತರವೆಂದೇ ಒಪ್ಪಬೇಕು.

ಪ್ರಗತಿಯನ್ನು ಅಳೆಯಲು ಅನೇಕ ಥೆರಪಿಸ್ಟರು ಕೆನಡಾದಲ್ಲಿ ರೂಪುಗೊಂಡ ಸಿ.ಒ.ಪಿ.ಎಂ. (ಕೆನಡಿಯನ್ ಆಕ್ಯುಪೇಶನಲ್ ಪರ್ಫಾರ್ಮೆನ್ಸ್ ಮೆಷರ್) ಎಂಬ ಮಾಪನವನ್ನು ಬಳಸುತ್ತಾರೆ. ತಾನು ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ, ಅದರಿಂದ ಎಷ್ಟು ತೃಪ್ತಿಯಿದೆ ಎಂಬ ಎರಡಕ್ಕೂ ವ್ಯಕ್ತಿಯೇ 1ರಿಂದ 10ರೊಳಗೆ ಅಂಕ ಕೊಡುತ್ತಾನೆ, ಮತ್ತು 2 ಅಂಕಗಳ ಏರಿಕೆಯನ್ನು ಸಾಮಾನ್ಯವಾಗಿ ಗಣನೀಯವೆಂದು ಭಾವಿಸಲಾಗುತ್ತದೆ. ಮಾತು ಸುಧಾರಿಸಿಯೂ ತೃಪ್ತಿಯ ಅಂಕ ಕದಲದಿದ್ದರೆ, ಆರಿಸಿದ ಸ್ಥಳ ಅಥವಾ ಜೊತೆಗಾರರನ್ನು ಬದಲಿಸುವ ಬಗ್ಗೆ ಹಿರಿಯರನ್ನೇ ಮತ್ತೆ ಕೇಳಬೇಕು.