ಕುಮಟಾ–ಗೋಕರ್ಣ ಕಡಲ ನಡಿಗೆಗೆ ಅಷ್ಟಮಿಯೇ ಸರಿ

'ಅಮಾವಾಸ್ಯೆಗೆ ನೀರು ಚೆನ್ನಾಗಿ ಇಳೀತದೆ, ಅವತ್ತೇ ಹೋಗಬೇಕು' ಅಂತ ಚಾರಣದ ಬಳಗದಲ್ಲಿ ಎಲ್ಲರದೂ ಒಂದೇ ಮಾತು. ಅಷ್ಟಮಿಗೆ ಹೋಗೋಣ ಅಂದರೆ ನಕ್ಕವರೇ ಜಾಸ್ತಿ. ಈ ಜನವರಿಯಲ್ಲಿ ಅಷ್ಟಮಿಗೇ ಕುಮಟಾದಿಂದ ಕಡಲಂಚು ಹಿಡಿದು ನಡೆದು, ಹೊತ್ತು ಮುಳುಗುವ ಮೊದಲೇ ಗೋಕರ್ಣದ ಕುಡ್ಲೆ ಬೀಚಿನಲ್ಲಿ ಚಹಾ ಕುಡಿದೆವು. ನಕ್ಕವರಲ್ಲಿ ಇಬ್ಬರು ಜೊತೆಗೇ ಇದ್ದರು!

ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಜೋರು, ಸುಳ್ಳಲ್ಲ. ಆದರೆ ಈ ಭಾಗದಲ್ಲಿ ಅದು ಬರೋದು ನಸುಕಿಗೆ ಮತ್ತು ಸಂಜೆಗೆ. ನಾವು ನಡೆಯುವ ಹತ್ತು-ಹನ್ನೊಂದರ ಹೊತ್ತಿಗೆ ತುಂಬು ಉಬ್ಬರ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ, ಅಷ್ಟಮಿ ಹೊತ್ತಿಗೆ ಇಳಿತವೇ ಹನ್ನೊಂದರ ಆಸುಪಾಸಿಗೆ ಬರುತ್ತದೆ. ನೀರು ಅಷ್ಟೇನೂ ಇಳಿಯೋದಿಲ್ಲ, ಆದರೆ ನಡೆಯೋಕೆ ಸಾಕು.

ಹಿಂದೊಮ್ಮೆ ಅಮಾವಾಸ್ಯೆಯ ಮರುದಿನ ಪ್ಯಾಕೇಜಿನಲ್ಲಿ ಹೋಗಿದ್ದೆ, ತಲೆಗೆ ಮೂರೂವರೆ ಸಾವಿರ. ವನ್ನಳ್ಳಿ ದಾಟಿದ ಮೇಲೆ ಬಂಡೆಗಳಿಗೆ ಅಲೆ ಬಡಿಯುತ್ತಿತ್ತು. ಗೈಡ್ ಎಲ್ಲರನ್ನೂ ಗುಡ್ಡ ಹತ್ತಿಸಿ, ಟೆಂಪೊದಲ್ಲಿ ತುಂಬಿ ಅಘನಾಶಿನಿ ಊರಲ್ಲಿ ಇಳಿಸಿದ. ದುಡ್ಡು ವಾಪಸ್ ಕೇಳಿದರೆ 'ಪ್ರಕೃತಿ ಸರ್' ಅಂದ. ಆಮೇಲೆ ಹುಣ್ಣಿಮೆಗೆ ಸ್ವಂತ ಹೋದಾಗ ಬಂಡೆ ಹೇಗೋ ದಾಟಿದೆ, ಕಾಗಾಲದ ಉದ್ದ ದಂಡೆ ಮಾತ್ರ ಸೋಲಿಸಿತು. ಉಬ್ಬರದಲ್ಲಿ ಉಳಿಯೋದು ಇಳಿಜಾರಿನ ಸಡಿಲ ಮರಳು, ಮೀನಖಂಡ ಹಿಡಿದುಬಿಡ್ತು. ನದಿಯಾಚೆಯ ತದಡಿಯಿಂದ ರಿಕ್ಷಾಕ್ಕೆ ಕೊಟ್ಟಿದ್ದು ನಾನೂರೋ ಐನೂರೋ.

ಅಷ್ಟಮಿಯ ನಿಜವಾದ ಲಾಭ ಇಲ್ಲೇ. ಇಳಿಯುವ ನೀರು ಬಿಟ್ಟುಹೋದ ಹಸಿ ಮರಳು ಡಾಂಬರಿನಷ್ಟು ಗಟ್ಟಿ. ಆರೂವರೆಗೆ ಕುಮಟಾ ಬಿಟ್ಟವರು ಕಡ್ಲೆ, ಬಾಡ ದಾಟಿ ಹನ್ನೊಂದೂವರೆಗೆಲ್ಲ ಅಘನಾಶಿನಿ ತಾರಿಯಲ್ಲಿದ್ದೆವು, ಅಂದರೆ ನದಿ ದಾಟಿಸುವ ದೋಣಿಯ ಕಟ್ಟೆಯಲ್ಲಿ. ಅಳಿವೆಯಲ್ಲಿ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು, ಕಾಲಲ್ಲೇ ಕೆಸರು ತಡವಿ ಬಳಚು, ಅಂದರೆ ತಿನ್ನುವ ಚಿಪ್ಪು, ತೆಗೆಯುತ್ತಿದ್ದರು. ಇಳಿತ ನೋಡದೆ ಬಂದವರಿಗೆ ಇದು ಕಾಣೋದಿಲ್ಲ. ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ಸುಮಾರು 4,800 ಹೆಕ್ಟೇರ್, ಕಾಂಡ್ಲಾ ಕಾಡು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ಎಲ್ಲ ಇರುವ ಜಾಗ. ಅಲ್ಲಿ ಒಂದು ಗಂಟೆ ಕೂರದೆ ತಾರಿ ಹತ್ತೋದು ದಂಡ.

ನಡುವೆ ಒಂದು ಪ್ರಯೋಗ. ಒಬ್ಬರಿಗೆ ಅಂಗಡಿಯ ಎನರ್ಜಿ ಪುಡಿ, ಇನ್ನೊಬ್ಬರಿಗೆ ಇಲ್ಲಿನದೇ ಸಾಣಿಕಟ್ಟಾ ಉಪ್ಪು ಹಾಕಿದ ಮುರುಗಲು (ಕೋಕಂ) ನೀರು ಕೊಟ್ಟೆ. ಕುಡಿದವರಿಬ್ಬರೂ ಒಂದೇ ತರ ಸುಸ್ತಾದರು. ಮುರುಗಲು ಅಗ್ಗ, ಅಷ್ಟೇ. ಬಂಡೆಗೆ ಅಂಟಿದ ಚಿಪ್ಪಿಗೆ ರಬ್ಬರ್ ಚಪ್ಪಲಿ ತಡೆಯಲಿಲ್ಲ, ಹಳೇ ಕ್ಯಾನ್ವಾಸ್ ಶೂ ತಡೆಯಿತು.

ತಾರಿ ದಾಟಿದ ಮೇಲೆ ಬೇಲೆಕಾನದಿಂದ ಪ್ಯಾರಡೈಸ್ ಬೀಚಿಗೆ ಗುಡ್ಡದ ಕಾಲುದಾರಿ ಎಲ್ಲಿ ಹೊರಳುತ್ತದೆ ಅಂತ ಬರೆಯೋದಿಲ್ಲ. ಬರೆದರೆ ಮುಂದಿನ ವಾರಕ್ಕೇ ಬಾಟಲಿ ರಾಶಿ ಬೀಳ್ತದೆ. ಊಟ ಹಾಕಿದ ಮನೆಯ ಗುರುತೂ ಹೇಳೋದಿಲ್ಲ. ಹಾಫ್‌ಮೂನ್, ಓಂ ಬೀಚುಗಳ ಕಡೆ ದಾರಿ ಗುಡ್ಡದ ಮೇಲೇ, ಸಂಜೆಯ ಉಬ್ಬರಕ್ಕೆ ಹೆದರಬೇಕಿಲ್ಲ.

ರೈಲು, ತಾರಿ, ಊಟ, ವಾಪಸ್ ಬಸ್ಸು ಸೇರಿ ತಲೆಗೆ ಆರೇಳು ನೂರು ಆಗಿರಬೇಕು. ಶುಕ್ಲವೋ ಕೃಷ್ಣವೋ, ಯಾವ ಅಷ್ಟಮಿಯಾದರೂ ಆದೀತು, ನವಮಿಯೂ ನಡೀತದೆ. ದಶಮಿಗೆ ಮಾತ್ರ ಬೇಡ, ಇಳಿತ ಮಧ್ಯಾಹ್ನಕ್ಕೆ ಜಾರಿ ಬೆಳಗಿನ ಬಂಡೆಗಳ ಮೇಲೆ ಇನ್ನೂ ನೀರಿರುತ್ತದೆ.