‘ಇತಿಹಾಸದಲ್ಲಿ ಈ ದಿನ’: ನವೆಂಬರ್ 1ರ ಪುಟವನ್ನು ನಾನು ಕಟ್ಟುವ ಬಗೆ

ಕನ್ನಡ ಓದುಗರಿಗೆ ನವೆಂಬರ್ 1 ಅಂದರೆ ರಾಜ್ಯೋತ್ಸವ. ‘ಇತಿಹಾಸದಲ್ಲಿ ಈ ದಿನ’ ಅಂಕಣ ಸಿದ್ಧಪಡಿಸುವವರಿಗೆ ಅದು ವರ್ಷದ ಕಷ್ಟದ ಪುಟಗಳಲ್ಲೊಂದು. ತಾರೀಖಿನ ವಿಷಯದಲ್ಲಿ ಆಗಬಹುದಾದ ತಪ್ಪುಗಳಲ್ಲಿ ಹೆಚ್ಚಿನವಕ್ಕೆ ಈ ಒಂದೇ ದಿನದಲ್ಲಿ ಉದಾಹರಣೆ ಸಿಗುತ್ತದೆ. ಅದಕ್ಕೇ ನನ್ನ ಕೆಲಸದ ಕ್ರಮವನ್ನು ಈ ದಿನವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಮೊದಲು ಸಾಮಗ್ರಿ ಜೋಡಿಸುವ ಹಾಳೆ. ಎಕ್ಸೆಲ್‌ನಲ್ಲಿ ತಾರೀಖನ್ನು ಒಂದೇ ಕಾಲಂನಲ್ಲಿ ತುಂಬಬಾರದು. ಅದರ ದಿನಾಂಕದ ಲೆಕ್ಕ ಶುರುವಾಗುವುದೇ 1900ರ ಜನವರಿ 1ರಿಂದ. 1755ರ ಘಟನೆ ಅದಕ್ಕೆ ಬರೀ ಅಕ್ಷರ, ಆದ್ದರಿಂದ ಇಸವಿವಾರು ವಿಂಗಡಿಸಲು ಹೋದರೆ ಕೈಕೊಡುತ್ತದೆ. ಕ್ಯಾಲೆಂಡರಿನಲ್ಲಿ ಇಲ್ಲದ 1900ರ ಫೆಬ್ರುವರಿ 29 ಕೂಡ ಅದರಲ್ಲಿದೆ. ನಾನು ದಿನ, ತಿಂಗಳು, ಇಸವಿಗೆ ಬೇರೆ ಬೇರೆ ಕಾಲಂ ಇಟ್ಟು ಬರೀ ಅಂಕಿ ತುಂಬುತ್ತೇನೆ. ಪಕ್ಕದಲ್ಲಿ ವಾರ, ಯಾವ ಪಂಚಾಂಗದ ತಾರೀಖು, ಘಟನೆಯ ಸ್ಥಳ, ಕೊನೆಯಲ್ಲಿ ಆಧಾರ. ಆಧಾರ ಅಂದರೆ ಯಾವ ಗೆಜೆಟ್, ಯಾವ ದಿನದ ಪತ್ರಿಕೆ, ಯಾವ ಶಾಸನ ಎಂಬುದು. ಆ ಕಾಲಂ ಖಾಲಿ ಇರುವ ಸಾಲನ್ನು ಪುಟಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ‘ಈ ದಿನ’ ಪಟ್ಟಿಯನ್ನು ಆಧಾರವೆಂದು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಥ ಪಟ್ಟಿಗಳು ಒಂದರಿಂದ ಒಂದು ನಕಲಾಗುತ್ತವೆ. ಹತ್ತು ಕಡೆ ಒಂದೇ ತಾರೀಖು ಕಂಡರೂ ಅದು ಒಂದೇ ತಪ್ಪಿನ ಹತ್ತು ಪ್ರತಿ ಆಗಿರಬಹುದು.

ದಿನ ಮತ್ತು ತಿಂಗಳು ಅದಲುಬದಲಾಗುವುದು ಅತಿ ಸಾಮಾನ್ಯ. ನಾವು 11-1 ಎಂದು ಬರೆದರೆ ಜನವರಿ 11. ಅಮೆರಿಕದ ಪದ್ಧತಿಯಲ್ಲಿ ಅದು ನವೆಂಬರ್ 1. ಲಾಲ್ ಬಹಾದ್ದೂರ್ ಶಾಸ್ತ್ರಿ ತಾಷ್ಕೆಂಟಿನಲ್ಲಿ ತೀರಿಕೊಂಡದ್ದು 1966ರ ಜನವರಿ 11ರಂದು. ರಾಹುಲ್ ದ್ರಾವಿಡ್ ಹುಟ್ಟಿದ್ದು 1973ರ ಜನವರಿ 11ರಂದು. ಅಂಕಿ ತಿರುಗಿ ಓದಿದರೆ ಇಬ್ಬರೂ ನವೆಂಬರ್ 1ರ ಪುಟಕ್ಕೆ ಬಂದು ಕೂರುತ್ತಾರೆ. ದ್ರಾವಿಡ್ ವಿಷಯದಲ್ಲಂತೂ ಇದು ತೀರಾ ಅಪಾಯಕಾರಿ. 1973ರ ನವೆಂಬರ್ 1ರಂದೇ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು. ಇಷ್ಟು ಚೆಂದದ ಕಾಕತಾಳೀಯ ಕೈಗೆ ಸಿಕ್ಕರೆ ಪರಿಶೀಲಿಸದೆ ಅಚ್ಚಿಗೆ ಕಳಿಸುವ ಆಸೆ ಯಾರಿಗೂ ಆಗುತ್ತದೆ. ನಿಜವಾಗಿ ಆ ದಿನ ಹುಟ್ಟಿದವರು ಮಂಗಳೂರಿನ ಐಶ್ವರ್ಯಾ ರೈ. ವರ್ಷದಲ್ಲಿ ಹೀಗೆ ತಿರುಗಿ ಓದಬಹುದಾದ ತಾರೀಖುಗಳು 132 ಇವೆ. ಆದ್ದರಿಂದ ತಿಂಗಳ ಹೆಸರು ಅಕ್ಷರದಲ್ಲಿ ಕಾಣದ ಮೂಲವನ್ನು ಮತ್ತೊಮ್ಮೆ ತೆರೆದು ನೋಡುತ್ತೇನೆ.

ಇದನ್ನು ಹಿಡಿಯಲು ಅಗ್ಗದ ಸಾಧನ ವಾರ. ಹಳೆಯ ಪತ್ರಿಕೆ, ದಿನಚರಿ, ಎಷ್ಟೋ ಪತ್ರಗಳಲ್ಲಿ ವಾರ ನಮೂದಾಗಿರುತ್ತದೆ. ನವೆಂಬರ್ 1ರ ವಾರ ಕಂಡುಹಿಡಿಯಲು ಇಸವಿಯ ಕೊನೆಯ ಎರಡಂಕಿ ತೆಗೆದುಕೊಳ್ಳಿ. ಅದರ ಕಾಲು ಭಾಗವನ್ನು, ಶೇಷ ಬಿಟ್ಟು, ಕೂಡಿಸಿ. 1700ರ ದಶಕಗಳಿಗೆ 1, 1800ರವಕ್ಕೆ 6, 1900ರವಕ್ಕೆ 4, 2000ದವಕ್ಕೆ 3 ಸೇರಿಸಿ. 7ರಿಂದ ಭಾಗಿಸಿ. ಶೇಷ 0 ಬಂದರೆ ಭಾನುವಾರ, 1 ಬಂದರೆ ಸೋಮವಾರ, ಹೀಗೆ ಮುಂದಕ್ಕೆ. 1956ಕ್ಕೆ 56, 14, 4 ಕೂಡಿದರೆ 74. ಶೇಷ 4, ಗುರುವಾರ. 1973ಕ್ಕೆ 73, 18, 4 ಕೂಡಿದರೆ 95. ಶೇಷ ಮತ್ತೆ 4. ರಾಜ್ಯ ಒಂದಾದ ದಿನವೂ ಹೆಸರು ಬದಲಾದ ದಿನವೂ ಗುರುವಾರವೇ. 1700ರ ದಶಕಗಳ ಲೆಕ್ಕ ಹೊಸ ಪಂಚಾಂಗಕ್ಕೆ, ಅಂದರೆ ನಾವು ಈಗ ಬಳಸುವ ಗ್ರೆಗೋರಿಯನ್ ಪದ್ಧತಿಗೆ, ಬದಲಾದ ದೇಶಗಳಿಗೆ ಮಾತ್ರ ಹೊಂದುತ್ತದೆ ಎಂಬುದು ನೆನಪಿರಲಿ.

ಇನ್ನು ಘಟನೆಯ ಯಾವ ಹಂತದ ತಾರೀಖು ಎಂಬ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ‘1956: ಕರ್ನಾಟಕ ರಾಜ್ಯ ಉದಯ’ ಎಂದು ಬರೆಯುವುದು ರೂಢಿ. ಅಂದು ಅಸ್ತಿತ್ವಕ್ಕೆ ಬಂದ ರಾಜ್ಯದ ಹೆಸರು ಮೈಸೂರು. ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು, ರಾಜ್ಯಗಳ ಗಡಿ ಬದಲಾದದ್ದು ನವೆಂಬರ್ 1ರಂದು. ಹಳೆ ಮೈಸೂರಿನ ಜೊತೆಗೆ ಮುಂಬೈ ರಾಜ್ಯದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನ ಕಲಬುರ್ಗಿ, ರಾಯಚೂರು, ಬೀದರ್, ಮದ್ರಾಸಿನ ದಕ್ಷಿಣ ಕನ್ನಡ, ಕೊಳ್ಳೇಗಾಲ ಮತ್ತು ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಸೇರಿದವು. ದಕ್ಷಿಣ ಕನ್ನಡದ ಕಾಸರಗೋಡು ಮಾತ್ರ ಅದೇ ದಿನ ಕೇರಳಕ್ಕೆ ಹೋಯಿತು. ಈ ಪಟ್ಟಿಯಲ್ಲಿ ಬಳ್ಳಾರಿಯನ್ನೂ ಸೇರಿಸಿಬಿಡುವುದುಂಟು. ಬಳ್ಳಾರಿ ಮೈಸೂರಿಗೆ ಬಂದದ್ದು ಮೂರು ವರ್ಷ ಮೊದಲು, ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು. ಬಳ್ಳಾರಿಯ ಓದುಗರಿಗೆ ಇದು ಸಣ್ಣ ವಿಷಯವಲ್ಲ, ನಮಗೂ ಆಗಬಾರದು. ನಾನು ಎರಡು ಸಾಲು ಹಾಕುತ್ತೇನೆ: ‘1956: ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ರಚನೆ, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ’, ‘1973: ದೇವರಾಜ ಅರಸು ಅವರ ಕಾಲದಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು’.

ಇದೇ ಪುಟದ ಇನ್ನೊಂದು ಸಾಲು ಪುದುಚೇರಿ. 1954ರ ನವೆಂಬರ್ 1ರಂದು ಫ್ರೆಂಚರು ಆಡಳಿತ ಬಿಟ್ಟುಕೊಟ್ಟರು. ಕಾನೂನಿನ ಪ್ರಕಾರ ಹಸ್ತಾಂತರ ಪೂರ್ತಿಯಾದದ್ದು 1962ರ ಆಗಸ್ಟ್ 16ರಂದು. ಎರಡೂ ತಾರೀಖು ಸರಿ. ಎರಡು ಕಡೆಯೂ ‘ಪುದುಚೇರಿ ಭಾರತಕ್ಕೆ ಸೇರ್ಪಡೆ’ ಎಂದಷ್ಟೇ ಬರೆದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ. 1858ರ ನವೆಂಬರ್ 1ಕ್ಕೂ ಇದೇ ಮಾತು. ಅಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ. ಈಸ್ಟ್ ಇಂಡಿಯಾ ಕಂಪನಿಯಿಂದ ಆಳ್ವಿಕೆ ಕಿತ್ತುಕೊಂಡ ಕಾಯ್ದೆಗೆ ಒಪ್ಪಿಗೆ ಬಿದ್ದದ್ದು ಆಗಸ್ಟ್ 2ರಂದು. ಆದ್ದರಿಂದ ಸಾಲಿನ ಕ್ರಿಯಾಪದ ಖಚಿತವಾಗಿರಬೇಕು: ಅಂಕಿತ, ಜಾರಿ, ಘೋಷಣೆ, ಹಸ್ತಾಂತರ, ಸಹಿ. ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1992ರ ಫೆಬ್ರುವರಿ 7. ಅದು ಜಾರಿಗೆ ಬಂದು ಐರೋಪ್ಯ ಒಕ್ಕೂಟ ರೂಪುಗೊಂಡದ್ದು 1993ರ ನವೆಂಬರ್ 1. ‘ಒಪ್ಪಂದ ಆಯಿತು’ ಎಂದು ಬರೆದರೆ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ.

ಗಡಿಯಾರದ ಸಮಸ್ಯೆಗೆ ಇಲ್ಲೇ ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಮೊದಲ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆದದ್ದು ಪೆಸಿಫಿಕ್ ಸಾಗರದ ಎನಿವೆಟಾಕ್ ಹವಳದ ದ್ವೀಪಗಳಲ್ಲಿ, 1952ರ ನವೆಂಬರ್ 1ರ ಬೆಳಿಗ್ಗೆ 7.15ಕ್ಕೆ. ಆಗ ಗ್ರೀನಿಚ್‌ನಲ್ಲಿ ಅಕ್ಟೋಬರ್ 31ರ ಸಂಜೆ 7.15. ವಾಷಿಂಗ್ಟನ್‌ನಲ್ಲೂ ಅಕ್ಟೋಬರ್ 31. ಭಾರತದಲ್ಲಿ ನವೆಂಬರ್ 1 ಶುರುವಾಗಿ ಮುಕ್ಕಾಲು ಗಂಟೆ. ನನ್ನ ನಿಯಮ ಒಂದೇ: ಘಟನೆ ನಡೆದ ಜಾಗದ ತಾರೀಖು. ಅಮೆರಿಕದ ಕಡತದಲ್ಲಿ ಅಕ್ಟೋಬರ್ 31 ಕಂಡರೆ ಅದನ್ನು ಷರಾ ಕಾಲಂನಲ್ಲಿ ಬರೆದಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವರ್ಷ ಬೇರೆಯವರು ಅದನ್ನೇ ಇನ್ನೊಂದು ಸಾಲು ಮಾಡುತ್ತಾರೆ. ಚಂದ್ರನ ಮೇಲೆ ಇಳಿದ ಘಟನೆಗೆ ಊರಿನ ಗಡಿಯಾರವಿಲ್ಲ, ಅಲ್ಲಿ ಗ್ರೀನಿಚ್ ತಾರೀಖು: 1969ರ ಜುಲೈ 20. ಭಾರತದಲ್ಲಿ ಆಗ 21ರ ನಸುಕಿನ 1.47.

ಪಂಚಾಂಗದ ವಿಷಯಕ್ಕೆ ಬಂದರೆ, 1755ರ ನವೆಂಬರ್ 1ರ ಲಿಸ್ಬನ್ ಭೂಕಂಪ ತೊಂದರೆ ಕೊಡುವುದಿಲ್ಲ. ಪೋರ್ಚುಗಲ್ 1582ರಲ್ಲೇ ಗ್ರೆಗೋರಿಯನ್ ಪದ್ಧತಿಗೆ ಬಂದಿತ್ತು. ಅಂದು ಶನಿವಾರ, ಸಕಲ ಸಂತರ ಹಬ್ಬ. ಚರ್ಚುಗಳಲ್ಲಿ ಜನ ತುಂಬಿದ್ದರು, ಹಚ್ಚಿಟ್ಟ ಮೇಣದಬತ್ತಿಗಳಿಂದ ಬೆಂಕಿ ಹರಡಿತು. ವಾರ ಮತ್ತು ಹಬ್ಬ ಎರಡೂ ತಾಳೆಯಾಗುವುದರಿಂದ ಸಾಲು ಗಟ್ಟಿ. ಆದರೆ ಮೈಕೆಲೇಂಜೆಲೊ ಬರೆದ ಸಿಸ್ಟೀನ್ ಚಾಪೆಲ್ ಛಾವಣಿಯ ಚಿತ್ರಗಳು ಸಾರ್ವಜನಿಕರಿಗೆ ತೆರೆದ 1512ರ ನವೆಂಬರ್ 1 ಜೂಲಿಯನ್ ತಾರೀಖು, ಅಂದರೆ ಗ್ರೆಗೋರಿಯನ್‌ಗೆ ಮೊದಲಿದ್ದ ಹಳೆಯ ಪಂಚಾಂಗದ್ದು. 1582ಕ್ಕಿಂತ ಹಿಂದಿನದನ್ನು ನಾನು ಪರಿವರ್ತಿಸುವುದಿಲ್ಲ, ಅಂದಿನವರು ಬರೆದಂತೆಯೇ ಇಡುತ್ತೇನೆ. ಬ್ರಿಟನ್ ಬದಲಾದದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಅದಕ್ಕಿಂತ ಹಿಂದಿನ ಈಸ್ಟ್ ಇಂಡಿಯಾ ಕಂಪನಿಯ ಪತ್ರಗಳನ್ನು ಬಳಸುವವರು ಇನ್ನೊಂದು ಸಂಗತಿ ಗಮನಿಸಬೇಕು: ಇಂಗ್ಲಿಷರಿಗೆ ಆಗ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ, ಫೆಬ್ರುವರಿಯ ಪತ್ರದ ಇಸವಿ ನಮ್ಮ ಲೆಕ್ಕಕ್ಕಿಂತ ಒಂದು ಕಡಿಮೆ ಇರುತ್ತದೆ.

ನಮ್ಮ ಶಾಸನಗಳಲ್ಲಿ ಒಂದೇ ಕಾಲವನ್ನು ನಾಲ್ಕೈದು ರೀತಿಯಲ್ಲಿ ಹೇಳಿರುತ್ತಾರೆ, ತಾಳೆ ನೋಡಲು ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಶಾಸನ ಕೃಷ್ಣದೇವರಾಯನ ಸಾವಿನ ದಿನ ಕೊಡುತ್ತದೆ: ಶಕ 1451, ವಿರೋಧಿ ಸಂವತ್ಸರ, ಭಾನುವಾರ, ಚಂದ್ರಗ್ರಹಣ. ಶಕಕ್ಕೆ 78 ಕೂಡಿದರೆ 1529. ಜನವರಿಯಿಂದ ಯುಗಾದಿಯವರೆಗಿನ ದಿನವಾಗಿದ್ದರೆ 79 ಕೂಡಬೇಕಿತ್ತು. ಸಂವತ್ಸರಕ್ಕೆ ಶಕವರ್ಷಕ್ಕೆ 12 ಕೂಡಿ 60ರಿಂದ ಭಾಗಿಸಬೇಕು. 1463ರಲ್ಲಿ ಶೇಷ 23, ಪ್ರಭವದಿಂದ ಎಣಿಸಿದರೆ ಇಪ್ಪತ್ಮೂರನೆಯದು ವಿರೋಧಿಯೇ. ಶೇಷ ಒಂದು ಹೆಚ್ಚು ಬಂದರೆ ಶಾಸನದಲ್ಲಿರುವುದು ಗತವರ್ಷವಲ್ಲ (ಮುಗಿದ ವರ್ಷಗಳ ಎಣಿಕೆ), ವರ್ತಮಾನ ವರ್ಷ (ನಡೆಯುತ್ತಿರುವ ವರ್ಷದ ಎಣಿಕೆ) ಎಂದು ತಿಳಿಯಬೇಕು. ಚಂದ್ರಗ್ರಹಣ ಅಂದಮೇಲೆ ತಿಥಿ ಹುಣ್ಣಿಮೆ. ಇವೆಲ್ಲ ಸೇರಿ 1529ರ ಅಕ್ಟೋಬರ್ 17. ಈಗ ಮೊಬೈಲಿನ ಕ್ಯಾಲೆಂಡರಿನಲ್ಲಿ ಆ ತಾರೀಖು ತೆರೆದರೆ ಗುರುವಾರ ಬರುತ್ತದೆ, ಏಕೆಂದರೆ ಅದು ಗ್ರೆಗೋರಿಯನ್ ಲೆಕ್ಕವನ್ನೇ ಹಿಂದಕ್ಕೆ ಎಳೆದಿರುತ್ತದೆ. ಜೂಲಿಯನ್ ಲೆಕ್ಕದಲ್ಲಿ ಅದು ಭಾನುವಾರವೇ. ಶಾಸನ ತಪ್ಪು ಎಂದು ತೀರ್ಮಾನಿಸುವ ಮೊದಲು ಈ ಹತ್ತು ದಿನದ ವ್ಯತ್ಯಾಸ ನೋಡಬೇಕು. ಹಿಜರಿ ತಾರೀಖುಗಳಲ್ಲಿ ದಿನ ಸೂರ್ಯಾಸ್ತಕ್ಕೆ ಬದಲಾಗುವುದರಿಂದ ಒಂದು ದಿನ ಆಚೀಚೆ ಆಗುತ್ತದೆ.

ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ಈ ಪುಟಕ್ಕೆ ಸೇರುವುದಿಲ್ಲ. ಅವು ತಿಥಿಗೆ ಕಟ್ಟುಬಿದ್ದವು, ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತವೆ. ಆ ವರ್ಷದ ಪಂಚಾಂಗದ ಚೌಕದಲ್ಲಿ ಅವುಗಳಿಗೆ ಜಾಗ.

ಹುಟ್ಟಿದ ದಿನಗಳಲ್ಲಿ ಶಾಲಾ ದಾಖಲೆಯ ತಾರೀಖನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸೇರಿಸಿಕೊಳ್ಳುವಾಗ ವಯಸ್ಸು ಹೊಂದಲೆಂದು ಮೇಷ್ಟರು ಜೂನ್ 1 ಎಂದೋ ಮತ್ತೊಂದು ಎಂದೋ ಬರೆದ ಕಾಲವಿತ್ತು. ಮನೆಯ ಜಾತಕ ಸಿಕ್ಕರೆ ತಿಥಿ, ನಕ್ಷತ್ರದಿಂದ ತಾಳೆ ಹಾಕಬಹುದು, ಆದರೆ ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ. ‘ಸೋಮವಾರ ರಾತ್ರಿ’ ಎರಡು ಗಂಟೆಗೆ ಹುಟ್ಟಿದ ಮಗುವಿನ ಇಂಗ್ಲಿಷ್ ತಾರೀಖು ಮಂಗಳವಾರದ್ದು. ವಿಶ್ವೇಶ್ವರಯ್ಯನವರ ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ತಕರಾರಿಲ್ಲ, ಇಸವಿ ಮಾತ್ರ 1860 ಮತ್ತು 1861 ಎರಡೂ ಅಚ್ಚಿನಲ್ಲಿವೆ. 1962ರ ಅವರ ನಿಧನಕ್ಕೂ ಏಪ್ರಿಲ್ 12, 14 ಎಂದು ಎರಡು ತಾರೀಖು ಓಡಾಡುತ್ತವೆ. ಇಂಥವರ ಸಾಲಿನಲ್ಲಿ ‘ಇಷ್ಟನೇ ಜನ್ಮದಿನ’ ಎಂದು ಬರೆಯುವುದಿಲ್ಲ. ನಿಧನದ ತಾರೀಖನ್ನು ಆ ವಾರದ ದಿನಪತ್ರಿಕೆಯಲ್ಲೇ ನೋಡಬೇಕು, ಅದೂ ಸಂಚಿಕೆಯ ತಾರೀಖಲ್ಲ, ಸುದ್ದಿಯ ಡೇಟ್‌ಲೈನ್ (ಸುದ್ದಿಯ ತಲೆಯಲ್ಲಿರುವ ಊರು, ತಾರೀಖು). ಸುದ್ದಿ ಸಾಮಾನ್ಯವಾಗಿ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಅಂತ್ಯಕ್ರಿಯೆಯ ಸುದ್ದಿ ಇನ್ನೂ ಒಂದು ದಿನ ತಡ.

ಹುಟ್ಟು, ಸಾವು ಎರಡಕ್ಕೂ ಒಂದೇ ತಾರೀಖು ಕಂಡರೆ ನಕಲು ಮಾಡುವಾಗ ಒಂದೇ ಅಂಕಿ ಎರಡು ಕಡೆ ಬಿತ್ತೇ ಎಂದು ಸಂಶಯಪಡಬೇಕು. ಎರಡನ್ನೂ ಬೇರೆ ಬೇರೆ ಮೂಲದಲ್ಲಿ ನೋಡಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರರದು ನಿಜವಾಗಿಯೂ ಹಾಗೆ: 1891ರ ಜೂನ್ 6 ಜನನ, 1986ರ ಜೂನ್ 6 ನಿಧನ. ಸಾವಿನ ದಿನವೇ ಗೊತ್ತಿಲ್ಲದವರೂ ಇದ್ದಾರೆ. ಭೂಖಂಡಗಳು ಸರಿಯುತ್ತವೆ ಎಂದ ಆಲ್ಫ್ರೆಡ್ ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1. ತನ್ನ ಐವತ್ತನೇ ಹುಟ್ಟುಹಬ್ಬದಂದೇ, 1930ರಲ್ಲಿ, ಗ್ರೀನ್‌ಲ್ಯಾಂಡಿನ ಹಿಮದ ನಡುವಿನ ಐಸ್‌ಮಿಟ್ಟೆ ಶಿಬಿರದಿಂದ ರಾಸ್ಮುಸ್ ವಿಲುಮ್ಸನ್ ಜೊತೆ ಹೊರಟರು, ದಡ ಮುಟ್ಟಲಿಲ್ಲ. ವೆಗೆನರ್ ದೇಹ ಸಿಕ್ಕಿದ್ದು 1931ರ ಮೇ 12ರಂದು. ಜನನದಲ್ಲಿ ಒಂದು ಸಾಲು, ಘಟನೆಗಳಲ್ಲಿ ಶಿಬಿರ ಬಿಟ್ಟ ಸಾಲು ಹಾಕುತ್ತೇನೆ. ನಿಧನದಲ್ಲಿ ಹೆಸರೇ ಇಲ್ಲ.

ಕೊನೆಗೆ ಸಾಲು ಬರೆಯುವುದು. ಇಸವಿ ಮೊದಲು, ಆಮೇಲೆ ಹತ್ತರಿಂದ ಹದಿನೆಂಟು ಪದ, ಊರಿನ ಹೆಸರು ಕಡ್ಡಾಯ. ‘ಹಾಲಿ’, ‘ಇತ್ತೀಚೆಗೆ’, ‘ಇಂದಿಗೆ ಐವತ್ತು ವರ್ಷ’ ಎಂಬ ಮಾತುಗಳಿದ್ದರೆ ಮುಂದಿನ ವರ್ಷ ಸಾಲು ಸುಳ್ಳಾಗುತ್ತದೆ. ‘ಮೊದಲ’ ಎಂಬ ವಿಶೇಷಣಕ್ಕೆ ಪ್ರತ್ಯೇಕ ಆಧಾರ ಇಲ್ಲದಿದ್ದರೆ ತೆಗೆಯುತ್ತೇನೆ. ಅಕ್ಟೋಬರ್ ಕೊನೆಯ ವಾರ ಹಾಳೆ ಮತ್ತೆ ತೆರೆದು, ಜನನದ ಪಟ್ಟಿಯಲ್ಲಿ ಬದುಕಿರುವವರ ಹೆಸರುಗಳನ್ನು ಒಂದೊಂದಾಗಿ ಹೊಸ ಸುದ್ದಿಯ ಜೊತೆ ನೋಡುತ್ತೇನೆ. ಅಕ್ಟೋಬರ್ 31ರ ರಾತ್ರಿ ಪುಟ ಮುದ್ರಣಕ್ಕೆ ಹೋಗುವ ಮುಂಚೆ ಆ ಹೆಸರುಗಳನ್ನಷ್ಟೇ ಮತ್ತೊಂದು ಸಲ.