ಕೈದಿಯ ಜೊತೆ ಅವನ ಮಾತ್ರೆಯೂ ಹೋಗಬೇಕು

ಕೈದಿಗಳನ್ನು ಒಂದು ಕಾರಾಗೃಹದಿಂದ ಇನ್ನೊಂದಕ್ಕೆ ಕರೆದೊಯ್ಯುವ ಬೆಂಗಾವಲಿನ ಕೆಲಸವೆಂದರೆ ಅವರು ಓಡಿಹೋಗದಂತೆ ಕಾಯುವುದು ಎಂದೇ ಹೊರಗಿನವರು ತಿಳಿದಿರುತ್ತಾರೆ. ಆ ಹೊಣೆ ಇದ್ದೇ ಇದೆ. ಆದರೆ ವಾಹನ ಹೊರಡುವಾಗ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ: ಈ ಮನುಷ್ಯನ ಬಗ್ಗೆ ತಿಳಿದಿರಬೇಕಾದದ್ದು ನಮಗೆ ತಿಳಿದಿದೆಯೇ?

ಅದಕ್ಕಾಗಿ ಗೇಟಿನ ಒಳಗಿನ ಕೆಲಸಕ್ಕೆ ನಾನು ಸಮಯದ ಲೆಕ್ಕ ನೋಡುವುದಿಲ್ಲ. ಆದೇಶದಲ್ಲಿರುವ ಹೆಸರನ್ನು ನಾನು ಓದಿ ಹೇಳುವುದಿಲ್ಲ, ಕೈದಿಯೇ ಹೇಳಬೇಕು. ‘ನೀವು ಇಂಥವರೇ ತಾನೆ?’ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲಿ ಯಾರಾದರೂ ಹೌದೆಂದುಬಿಡುತ್ತಾರೆ. ಆಮೇಲೆ ಆ ಬ್ಯಾರಕ್ಕಿನ ಕಾವಲು ಸಿಬ್ಬಂದಿಯನ್ನು ಮಾತನಾಡಿಸುತ್ತೇನೆ. ಊಟ ಬಿಟ್ಟಿದ್ದಾನೆಯೇ, ಜೊತೆಗೆ ಬರುವವರಲ್ಲಿ ಯಾರೊಂದಿಗಾದರೂ ಹಗೆ ಇದೆಯೇ, ಜೀವ ಕಳೆದುಕೊಳ್ಳುವ ಮಾತನಾಡಿದ್ದಾನೆಯೇ, ಕುಡಿತ ನಿಂತು ಕೆಲವೇ ದಿನಗಳಾಗಿವೆಯೇ? ಕಡತ ಹೇಳದ್ದನ್ನು ಅವರು ಹೇಳುತ್ತಾರೆ.

ಔಷಧಿಯ ವಿಷಯದಲ್ಲಿ ನಾನು ಹಟಮಾರಿ. ಕೈದಿಯ ಸಾಮಾನನ್ನು ಪಟ್ಟಿ ಮಾಡಿ, ಚೀಲಕ್ಕೆ ಮೊಹರು ಹಾಕಿ ವಾಹನದ ಹಿಂಭಾಗದಲ್ಲಿ ಇಡುತ್ತೇವೆ. ಉಬ್ಬಸದವನ ಇನ್‌ಹೇಲರ್ ಅದರೊಳಗೆ ಸೇರಿಹೋದರೆ ಅರ್ಧ ದಾರಿಯಲ್ಲಿ ಅದು ಇದ್ದೂ ಇಲ್ಲದಂತೆ. ಮೊಹರಿಗೆ ಮುಂಚೆಯೇ ಅದನ್ನೂ, ಮೂರ್ಛೆರೋಗದ ಮಾತ್ರೆಯನ್ನೂ ಹೊರತೆಗೆಸಿ ಬೆಂಗಾವಲಿನವರ ಕೈಗೆ ಕೊಡಿಸುತ್ತೇನೆ. ವೈದ್ಯಕೀಯ ಕಡತ ಮುಚ್ಚಿದ ಲಕೋಟೆಯಲ್ಲೇ ಹೋಗುತ್ತದೆ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದರ ಕುರಿತು ವಿಶ್ವಸಂಸ್ಥೆ 2015ರಲ್ಲಿ ಪರಿಷ್ಕರಿಸಿ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳ ಪೈಕಿ 26ನೆಯದು, ಆ ಕಡತ ಕೈದಿಯೊಂದಿಗೆ ಹೊಸ ಸಂಸ್ಥೆಗೆ ಹೋಗಬೇಕು ಮತ್ತು ಗೌಪ್ಯವಾಗಿರಬೇಕು ಎನ್ನುತ್ತದೆ. ರೋಗದ ಚರಿತ್ರೆ ನನಗೆ ಬೇಕಿಲ್ಲ; ದಾರಿಯಲ್ಲಿ ಏನಾಗಬಹುದು, ಹಾಗಾದಾಗ ಏನು ಮಾಡಬೇಕು ಎಂದು ವೈದ್ಯರು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.

ಇನ್ನು ಕೈಕೋಳ. ಎಲ್ಲರಿಗೂ ಒಂದೇ ಅಳತೆಯಲ್ಲಿ ಬಿಗಿಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೋಳಕ್ಕೂ ಮಣಿಕಟ್ಟಿಗೂ ನಡುವೆ ನನ್ನ ಬೆರಳ ತುದಿ ತೂರಬೇಕು. ನಂತರ ಎರಡನೆಯ ಬೀಗವನ್ನು ಹಾಕಲೇಬೇಕು. ಅದು ಬೀಳದಿದ್ದರೆ ವಾಹನ ಕುಲುಕಿದಾಗ ಕೋಳದ ಹಲ್ಲುಗಳು ಒಂದೊಂದಾಗಿ ಮುಂದೆ ಜರುಗಿ ಅದು ತಾನಾಗಿಯೇ ಬಿಗಿಯುತ್ತಾ ಹೋಗುತ್ತದೆ. ಮಣಿಕಟ್ಟಿನ ನರ ಅದುಮಿದರೆ ಹೆಬ್ಬೆರಳಿನ ಹಿಂಬದಿ ಜೋಮು ಹಿಡಿಯುತ್ತದೆ. ಕೆಲವರಿಗೆ ಅದು ವಾರಗಟ್ಟಲೆ ಉಳಿಯುತ್ತದೆ. ‘ನೋಯುತ್ತಿದೆ’ ಎಂದು ಯಾರೇ ಹೇಳಲಿ, ನಾಟಕವೆಂದು ತಳ್ಳಿಹಾಕದೆ ಬೆರಳಿಟ್ಟು ನೋಡುತ್ತೇನೆ. ಕೋಳ ಬೇಕೇ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ. ಇದಕ್ಕಿಂತ ಸೌಮ್ಯವಾದ ಉಪಾಯ ಸಾಲದೆಂದಾಗ ಮಾತ್ರ ಬಳಸಬೇಕು. ಹೆರಿಗೆ ನೋವಿನಲ್ಲಿರುವ ಅಥವಾ ಆಗಷ್ಟೇ ಹೆತ್ತ ಮಹಿಳೆಗೆ ಎಂದಿಗೂ ಹಾಕಬಾರದು. ಮಂಡೇಲಾ ನಿಯಮಗಳಲ್ಲಿ 48ನೆಯದು ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ಕೈ ಕಟ್ಟಿದವನು ಬ್ರೇಕ್ ಬಿದ್ದಾಗ ಏನನ್ನೂ ಹಿಡಿದುಕೊಳ್ಳಲಾರ. ಹಾಗಾಗಿ ಸೀಟ್ ಬೆಲ್ಟ್ ಹಾಕದೆ ಗಾಡಿ ಕದಲಕೂಡದು. ಕೋಳವನ್ನು ವಾಹನದ ಸರಳಿಗೆ ಸಿಕ್ಕಿಸುವುದೂ ಬೇಡ, ಬೆಂಕಿ ಹೊತ್ತಿದರೆ ಅವನನ್ನು ಹೊರಗೆಳೆಯುವವರು ಯಾರು? ಗಲಾಟೆ ಮಾಡಿದವನನ್ನು ಹಿಂಗೈ ಕಟ್ಟಿ ಬೋರಲಾಗಿ ಮಲಗಿಸಿ ಸಾಗಿಸುವುದಂತೂ ಕೊಲೆಗೆ ಸಮೀಪದ ಕೆಲಸ. ಎದೆಯ ಮೇಲೆ ಭಾರ ಬಿದ್ದು ಉಸಿರು ನಿಲ್ಲಬಹುದು. ಹಿಡಿತಕ್ಕೆ ಬಂದ ತಕ್ಷಣ ಪಕ್ಕಕ್ಕೆ ಹೊರಳಿಸಿ, ಎಬ್ಬಿಸಿ ಕೂರಿಸಿ, ಉಸಿರಾಟ ಗಮನಿಸಬೇಕು. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಯಾರನ್ನೂ ಬಿಟ್ಟು ಹೋಗಬಾರದು, ಐದು ನಿಮಿಷಕ್ಕೂ. ಗಾಳಿ ಬೆಳಕಿಲ್ಲದ ವಾಹನವನ್ನು 73ನೇ ನಿಯಮ ನಿಷೇಧಿಸಿದೆ. ಕೈದಿ ಆದಷ್ಟು ಕಡಿಮೆ ಜನರ ಕಣ್ಣಿಗೆ ಬೀಳಬೇಕು ಎನ್ನುವುದೂ ಅದೇ ನಿಯಮ. ನಮ್ಮ ವಾಹನ ಗೇಟಿಗೆ ಒತ್ತಿಕೊಂಡು ನಿಲ್ಲುವುದು ಅದಕ್ಕೇ.

ತಲುಪಿದ ಮೇಲೆ ರಸೀದಿಗೆ ಸಹಿ ಹಾಕಿಸಿಕೊಂಡು ಹೊರಟುಬಿಡುವವರಿದ್ದಾರೆ. ನಾನು ಕೈದಿಯ ಎದುರಿಗೇ ಒಳಗಿನ ಅಧಿಕಾರಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ: ಮಾತ್ರೆ ಎಷ್ಟು ಗಂಟೆಗೆ ಕೊಟ್ಟೆವು, ದಾರಿಯಲ್ಲಿ ನೀರು ಕುಡಿದನೇ, ಮಣಿಕಟ್ಟಿನಲ್ಲಿ ಗುರುತಿದೆಯೇ. ಆತ್ಮಹತ್ಯೆಯ ಸುಳಿವು ಇದ್ದರೆ ಅದನ್ನು ಮಾತ್ರ ಪಕ್ಕಕ್ಕೆ ಕರೆದು ಹೇಳಿ, ಅವರ ಪುಸ್ತಕದಲ್ಲಿ ಬರೆದದ್ದನ್ನು ಕಣ್ಣಾರೆ ನೋಡುತ್ತೇನೆ. ಭದ್ರತೆಗಾಗಿ ಹೊರಡುವ ಮೊದಲು ಮನೆಯವರಿಗೆ ತಿಳಿಸಿರುವುದಿಲ್ಲ. ಸ್ಥಳಾಂತರವಾದ ಕೂಡಲೇ ಮನೆಗೆ ಸುದ್ದಿ ಮುಟ್ಟಿಸುವ ಹಕ್ಕು ಕೈದಿಗೆ ಇದೆ ಎಂದು 68ನೇ ನಿಯಮ ಹೇಳುವುದರಿಂದ, ಫೋನ್ ಯಾವಾಗ ಮಾಡಿಸುತ್ತೀರಿ ಎಂದು ಕೇಳಿ, ಸಮಯ ಗೊತ್ತಾದ ಮೇಲೆಯೇ ರಸೀದಿ ತೆಗೆದುಕೊಳ್ಳುತ್ತೇನೆ.